ಸಹಾಯ ಬೇಕು: ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲಿನ ವೀರಗಲ್ಲುಗಳನ್ನು ಓದಲು

ಎಲ್ಲರಿಗೂ ನಮಸ್ಕಾರ. ಮೊಳಕಾಲ್ಮುರು ತಾಲ್ಲೂಕಿನ ಈ ಬೆಟ್ಟದ ಬುಡದಲ್ಲಿ, ಸಿದ್ದಾಪುರದ ಕಡೆ, ಹೊಲದ ಬದುಗಳಲ್ಲಿರುವ ವೀರಗಲ್ಲು (ಕಾದಿ ಮಡಿದವರ ನೆನಪಿನ ಕಲ್ಲು), ಮಾಸ್ತಿಗಲ್ಲುಗಳನ್ನು (ಸತಿ ಹೋದವರ ನೆನಪಿನ ಕಲ್ಲು) ದಾಖಲಿಸಬೇಕಿದೆ. ಅಶೋಕನ ಶಾಸನಗಳಿಂದ ಈ ಜಾಗ ಹೆಸರುವಾಸಿ. ಈ ಸೀಮೆ ನೊಳಂಬವಾಡಿ ಎಂಬ ನಾಡಾಗಿದ್ದ ಕಾಲದ ಕಲ್ಲುಗಳತ್ತ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಅದೇ ನಮ್ಮ ಸಂಕಟ.

10–12ನೇ ಶತಮಾನದ ಹಳಗನ್ನಡ ಲಿಪಿ ಓದಬಲ್ಲವರು, ಪಡಿಯಚ್ಚು (ಕಲ್ಲಿನ ಬರಹವನ್ನು ಮಸಿಯಿಂದ ಕಾಗದಕ್ಕೆ ಇಳಿಸಿದ ಅಚ್ಚು) ತೆಗೆದು ಕೈಪಳಗಿದವರು ದಯವಿಟ್ಟು ಜೊತೆಗೂಡಿ. ಕಲ್ಲನ್ನು ನೀರು, ಮೆತ್ತನೆ ಬ್ರಷ್‌ನಿಂದಷ್ಟೇ ತೊಳೆಯುತ್ತೇವೆ. ತಂತಿ ಬ್ರಷ್, ಆಸಿಡ್, ಸುಣ್ಣ, ಸೀಮೆಸುಣ್ಣ ಯಾವುದೂ ಬೇಡ. ಒದ್ದೆ ಕಾಗದವನ್ನು ಅಕ್ಷರದ ಗುಳಿಗೆ ಇಳಿಯುವಂತೆ ಬ್ರಷ್‌ನಿಂದ ತಟ್ಟಿ, ಮುಕ್ಕಾಲು ಒಣಗಿದ ಮೇಲೆ ಮಸಿ ಒತ್ತಬೇಕು. ಬೇಗ ಒತ್ತಿದರೆ ಮಸಿ ಗುಳಿಗೂ ಹರಡಿ ಅಕ್ಷರ ಮುಚ್ಚಿಹೋಗುತ್ತದೆ, ಪೂರ್ತಿ ಒಣಗಿದರೆ ಕಾಗದ ಕಿತ್ತುಬರುತ್ತದೆ. ಬೆಟ್ಟದ ಗಾಳಿಗೆ ಅಂಚು ಏಳುವುದೇ ದೊಡ್ಡ ತೊಂದರೆ. ಅದಕ್ಕೆ ಯಾವ ಕಾಗದ ತಾಳುತ್ತದೆ, ಎಲ್ಲಿ ಸಿಗುತ್ತದೆ?

ಸವೆದ ಕಲ್ಲಿಗೆ ಪಡಿಯಚ್ಚಿಗಿಂತ ಫೋಟೋ ಮೇಲು. ಬೆಳಗಿನ ಓರೆ ಬಿಸಿಲಲ್ಲಿ, ಇಲ್ಲವೇ ಬದಿಯಿಂದ ಟಾರ್ಚ್ ಹಿಡಿದು, ಅಳತೆಪಟ್ಟಿ ಇಟ್ಟು ತೆಗೆಯಿರಿ. ಹಳೆಯ ಫೋಟೋಗಳಿದ್ದರೆ ಕಳಿಸಿ. ಶಾಸನಪಾಠಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಆವೃತ್ತಿಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಓದಿದ ಪಾಠವನ್ನು ಅದರೊಂದಿಗೆ ಹೋಲಿಸಬಲ್ಲವರೂ ಬೇಕು.

ಸಂರಕ್ಷಿತ ಶಾಸನಗಳನ್ನು ಪುರಾತತ್ತ್ವ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವುದಿಲ್ಲ. ಹೊಲಗಳಿಗೆ ಮಾಲೀಕರನ್ನು ಕೇಳಿಯೇ ಇಳಿಯುತ್ತೇವೆ. ಇದು ಕರಡಿ ಓಡಾಡುವ ಸೀಮೆ, ಹಾಗಾಗಿ ಪೊದೆಗಳ ಜಾಡು ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಧೈರ್ಯ. ಬಿಸಿಲೇರಿದ ಮೇಲೆಯೇ ಹತ್ತಿ, ಹೊತ್ತು ಮುಳುಗುವ ಮೊದಲೇ ಇಳಿಯುವುದು. ಬರುವವರು ತಿಳಿಸಿ.