ಕ್ರಿ.ಶ. 69: ಒಂದೇ ವರ್ಷದಲ್ಲಿ ನಾಲ್ಕು ಚಕ್ರವರ್ತಿಗಳು ಹೇಗೆ?

ಪ್ರಶ್ನೆ: ನೀರೋ ಸತ್ತ ಮೇಲೆ ಗಾಲ್ಬಾ ಬಂದ. 69ರಲ್ಲಿ ಆಥೋ, ವಿಟೆಲಿಯಸ್, ವೆಸ್ಪೇಸಿಯನ್ ಅಂತ ಒಬ್ಬರ ಹಿಂದೆ ಒಬ್ಬರು. ರೋಮ್‌ನಂಥ ಸಾಮ್ರಾಜ್ಯದಲ್ಲಿ ಇದು ಹೇಗಾಯಿತು?

ಉತ್ತರ 1: ದುಡ್ಡಿನಿಂದಲೇ ಶುರು. ಕಾವಲು ಪಡೆಗೆ ಗಾಲ್ಬಾ ಹೆಸರಲ್ಲಿ ಮಾತು ಕೊಟ್ಟಿದ್ದ ಇನಾಮನ್ನು ಅವನು ಕೊಡಲೇ ಇಲ್ಲ. ಜನವರಿ 15ರಂದು ಊರ ನಡುವಿನ ಫೋರಂನಲ್ಲೇ, ಪಲ್ಲಕ್ಕಿಯಿಂದ ಕೆಳಗೆ ಬಿದ್ದ ಆ ಮುದುಕನನ್ನು ಆಥೋ ಕಡೆಯ ಸೈನಿಕರು ಕೊಂದರು; ಆಥೋ ಚಕ್ರವರ್ತಿಯಾದ.

ಉತ್ತರ 2: ರೈನ್ ನದಿಯ ಸೈನ್ಯವನ್ನು ಮರೆಯಬೇಡಿ. ವಿಟೆಲಿಯಸ್‌ನನ್ನು ತಂದಿದ್ದು ಅವರೇ. ಏಪ್ರಿಲ್‌ನಲ್ಲಿ ಸೋತ ಆಥೋ, ಇನ್ನೂ ಸೈನ್ಯ ಬರುವುದಿದ್ದರೂ, ಜಾಸ್ತಿ ರಕ್ತ ಹರಿಯುವುದು ಬೇಡ ಅಂತ ತಾನೇ ಪ್ರಾಣ ಬಿಟ್ಟ. ಆ ವರ್ಷದಲ್ಲಿ ನನ್ನ ಮನಸ್ಸಿಗೆ ತಟ್ಟುವುದು ಇದೊಂದೇ.

ಉತ್ತರ 3: ಜುಲೈ 1ರಂದು ಈಜಿಪ್ಟ್‌ನ ಅಲೆಕ್ಸಾಂಡ್ರಿಯಾದ ಸೈನ್ಯ ವೆಸ್ಪೇಸಿಯನ್ ಕಡೆ ನಿಂತಿತು. ರೋಮ್‌ಗೆ ಗೋಧಿ ಬರುತ್ತಿದ್ದುದು ಈಜಿಪ್ಟ್‌ನಿಂದ ಅಲ್ವಾ, ಹಿಡಿತ ಅವನ ಕೈಗೆ ಬಂತು. ಡಿಸೆಂಬರ್‌ನಲ್ಲಿ ವಿಟೆಲಿಯಸ್ ಕೊಲೆಯಾದ.