ಸೆಪ್ಟೆಂಬರ್‌ನಲ್ಲಿ ಸಹಿ, ಅಕ್ಟೋಬರ್‌ನಲ್ಲಿ ಕಾರು: ಇವಿ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರೋದು ಅಮೆರಿಕದಲ್ಲಿ. 2025ರ ಸೆಪ್ಟೆಂಬರ್ 27ಕ್ಕೆ ಹೊಸ ಎಲೆಕ್ಟ್ರಿಕ್ ಕಾರಿಗೆ ಸಹಿ ಹಾಕಿ 500 ಡಾಲರ್ ಕಟ್ಟಿದೆವು. ಕಾರು ಮನೆಗೆ ಬಂದದ್ದು ಅಕ್ಟೋಬರ್ 18ಕ್ಕೆ. ಡೀಲರ್ ಕೇಳಿದರೆ "ಸೆಪ್ಟೆಂಬರ್ 30ಕ್ಕೇ ಕ್ರೆಡಿಟ್ ಮುಗೀತು" ಅಂತಾನೆ. ಇವಿ (ಎಲೆಕ್ಟ್ರಿಕ್ ಕಾರು) ಕೊಂಡರೆ ಸರ್ಕಾರ ನಮ್ಮ ತೆರಿಗೆಯಲ್ಲಿ ಕಳೆಯುತ್ತಿದ್ದ ಆ 7,500 ಡಾಲರ್ ಹೋದ ಹಾಗೇನಾ? ಇನ್ನೊಂದು ತಲೆನೋವು, ಯಜಮಾನರಿಗೆ ಕಂಪನಿ ಷೇರು ಬಂದು ಇಬ್ಬರದೂ ಸೇರಿ 2025ರ ಆದಾಯ 3 ಲಕ್ಷ 12 ಸಾವಿರ ಆಗಿದೆ. 2024ರಲ್ಲಿ 2 ಲಕ್ಷ 84 ಸಾವಿರ ಇತ್ತು.

ಉತ್ತರ (ಸಿಪಿಎ, ಅಂದರೆ ಅಮೆರಿಕದ ಸಿಎ): ಇನ್ನೂ ಕೈಬಿಡಬೇಡಿ. ಸೆಪ್ಟೆಂಬರ್ 30 ಅನ್ನೋದು ಕಾರು ಕೈಗೆ ಬರಬೇಕಾದ ದಿನ ಅಲ್ಲ, ಕೊಂಡುಕೊಳ್ಳುವ ಒಪ್ಪಂದ ಆಗಿರಬೇಕಾದ ದಿನ. ಅಷ್ಟರೊಳಗೆ ನಿಮ್ಮನ್ನೂ ಡೀಲರನ್ನೂ ಕಟ್ಟಿಹಾಕುವ ಲಿಖಿತ ಒಪ್ಪಂದ ಮತ್ತು ಸ್ವಲ್ಪವಾದರೂ ದುಡ್ಡು, ಎರಡೂ ಆಗಿದ್ದರೆ ಕಾರು ಆಮೇಲೆ ಬಂದರೂ ನಡೆಯುತ್ತದೆ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಹೇಳಿದೆ. ಆದರೆ ಬರೀ ಬುಕಿಂಗ್ ರಸೀದಿ, ಯಾವಾಗ ಬೇಕಾದರೂ ರದ್ದು ಮಾಡಿ ದುಡ್ಡು ವಾಪಸ್ ತಗೋಬಹುದು ಅನ್ನುವಂಥದ್ದು, ಸಾಲದು. ನಿಮ್ಮ ಕಾಗದ ಯಾವ ಥರದ್ದು ನೋಡಿ.

ಆದಾಯದ ವಿಷಯದಲ್ಲಿ ನಿಮಗೆ ಅದೃಷ್ಟ ಇದೆ. ಈ ಕ್ರೆಡಿಟ್ ಸಿಗಲು ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಫೈಲ್ ಮಾಡಿದರೆ ಆದಾಯದ ಮಿತಿ 3 ಲಕ್ಷ, ಒಬ್ಬರೇ ಆದರೆ ಒಂದೂವರೆ ಲಕ್ಷ. ಕಾರು ಬಂದ ವರ್ಷ ಅಥವಾ ಅದರ ಹಿಂದಿನ ವರ್ಷ, ಎರಡರಲ್ಲಿ ಒಂದು ಮಿತಿಯೊಳಗಿದ್ದರೆ ಸಾಕು. ನಿಮ್ಮ 2024 ಉಳಿಸಿತು ನೋಡಿ.

ಈಗ ಮುಖ್ಯವಾದದ್ದು. ಕಾರು ಕೊಟ್ಟಾಗ, ಇಲ್ಲಾಂದ್ರೆ ಮೂರು ದಿನದೊಳಗೆ, ಡೀಲರ್ ನಿಮಗೆ ಸೆಲ್ಲರ್ಸ್ ರಿಪೋರ್ಟ್ ಅಂತ ಒಂದು ಹಾಳೆ ಕೊಟ್ಟಿರಬೇಕು. ಅದನ್ನೇ ಅವನು ಐಆರ್‌ಎಸ್‌ಗೂ ಕಳಿಸಿರಬೇಕು. ಅದರಲ್ಲಿ ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್ ಇರುತ್ತದೆ. ಅದೇ ನಂಬರನ್ನು ಈ ಕ್ರೆಡಿಟ್ ಕೇಳುವ 8936 ಫಾರ್ಮ್‌ನಲ್ಲಿ ಹಾಕಿ 2025ರ ರಿಟರ್ನ್ ಜೊತೆ ಕೊಡಬೇಕು. ಎಷ್ಟೋ ಜನ ಈ ಹಾಳೆಯನ್ನು ಇನ್ಶೂರೆನ್ಸ್ ಕಾಗದಗಳ ಮಧ್ಯೆ ಎಲ್ಲೋ ಸಿಕ್ಕಿಸಿ ಮರೆತಿರುತ್ತಾರೆ, ಚೆನ್ನಾಗಿ ಹುಡುಕಿ.

ಇನ್ನೊಬ್ಬರು: ಮೇಡಂ, ನನಗೆ ಪ್ರತಿ ವರ್ಷ ರಿಫಂಡ್ ಬರುತ್ತೆ. ಅಂದ್ರೆ ನಾನು ಟ್ಯಾಕ್ಸೇ ಕಟ್ಟಲ್ಲ, ಈ ಕ್ರೆಡಿಟ್ ನನಗೆ ದಂಡ ಅಲ್ವಾ?

ಉತ್ತರ: ಎಲ್ಲರೂ ಎಡವೋದು ಇಲ್ಲೇ. ರಿಫಂಡ್ ಅಂದರೆ ಸಂಬಳದಲ್ಲಿ ಜಾಸ್ತಿ ಹಿಡಿದುಕೊಂಡಿದ್ದು ವಾಪಸ್ ಬಂತು ಅಷ್ಟೇ. ನಿಮ್ಮ ತೆರಿಗೆ 9,000 ಇದ್ದು ಕಂಪನಿ 11,000 ಹಿಡಿದಿದ್ದರೆ 2,000 ವಾಪಸ್ ಬರುತ್ತದೆ, ಆದರೆ ತೆರಿಗೆ 9,000 ಕಟ್ಟಿಯೇ ಕಟ್ಟಿದ್ದೀರಿ. ಬೇರೆ ಕ್ರೆಡಿಟ್ ಇಲ್ಲದಿದ್ದರೆ 7,500 ಪೂರ್ತಿ ಕಳೆಯುತ್ತದೆ. ತೆರಿಗೆಯೇ 4,000 ಇದ್ದರೆ ಮಾತ್ರ 4,000ಕ್ಕೆ ನಿಲ್ಲುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೂ ಹೋಗಲ್ಲ. ಕ್ರೆಡಿಟ್ಟನ್ನು ಡೀಲರ್‌ಗೇ ಬರೆದುಕೊಟ್ಟು ಬೆಲೆಯಲ್ಲಿ ಇಳಿಸಿಕೊಂಡವರಿಗೆ ಈ ಕಾಟ ಇಲ್ಲ. ಅವರ ಆದಾಯ ಎರಡೂ ವರ್ಷ ಮಿತಿ ದಾಟಿದ್ದರೆ ಮಾತ್ರ ವಾಪಸ್ ಕಟ್ಟಬೇಕಾಗುತ್ತದೆ.

ಮತ್ತೊಬ್ಬರು: ಆಫೀಸಿನ ಸ್ನೇಹಿತನ ಹಳೇ ಇವಿಯನ್ನು ಕಳೆದ ಬೇಸಿಗೆಯಲ್ಲಿ 18,000ಕ್ಕೆ ತಗೊಂಡೆ. ಹಳೇದಕ್ಕೂ 4,000 ಕೊಡ್ತಾರಂತೆ?

ಉತ್ತರ: ಕೊಡುತ್ತಿದ್ದರು, ಆದರೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ತಗೊಂಡಿದ್ದರೆ ಮಾತ್ರ. ಸ್ನೇಹಿತನ ಹತ್ತಿರ ತಗೊಂಡಿದ್ದಕ್ಕೆ ಏನೂ ಇಲ್ಲ, ಸಾರಿ.

ಮೊದಲು ಕೇಳಿದವರು: ಸೆಲ್ಲರ್ಸ್ ರಿಪೋರ್ಟ್ ಸಿಕ್ತು ಮೇಡಂ! ಎರಡನೇ ಕೀ ಹಾಕಿಟ್ಟಿದ್ದ ಕವರ್‌ನಲ್ಲೇ ಮಡಚಿಟ್ಟಿದ್ದರು. ಒಪ್ಪಂದವೂ ಇದೆ, ಪರ್ಚೇಸ್ ಅಗ್ರಿಮೆಂಟ್ ಅಂತಲೇ ಇದೆ, ಇಬ್ಬರ ಸಹಿ, 27ನೇ ತಾರೀಖು.

ಉತ್ತರ: ಹಾಗಾದ್ರೆ 500 ಡಾಲರ್ ಕಟ್ಟಿದ್ದು ಕಾಣುವ ಕಾರ್ಡ್ ಸ್ಟೇಟ್‌ಮೆಂಟನ್ನೂ ತೆಗೆದು ಅದೇ ಕವರ್‌ಗೆ ಹಾಕಿ. ಕೀ ಮಾತ್ರ ಬೇರೆ ಕಡೆ ಇಡಿ.