‘ಘನೀಭವಿಸು’ ಅಂದರೆ ನೀರಾಗುವುದೋ, ಗಡ್ಡೆಯಾಗುವುದೋ?

ಗೆಳೆಯರೇ,

ಕಾರ್ಖಾನೆಯ ಏರ್ ಕಂಪ್ರೆಸರನ್ನು (ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ) ಚಳಿಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಟ್ಯಾಂಕಿನಲ್ಲಿ ಘನೀಭವಿಸಿದ ನೀರನ್ನು ದಿನವೂ ಹೊರಬಿಡಿ’ ಎಂದು ಬರೆದಿದ್ದೆ. ಯಂತ್ರ ನೋಡಿಕೊಳ್ಳುವ ಹುಡುಗ ಓದಿ, ‘ಗಡ್ಡೆ ಕಟ್ಟಿದ್ದನ್ನ ಹೊರಗೆ ಬಿಡೋದು ಹೇಗೆ ಸಾರ್? ಮೊದಲು ಕರಗಿಸ್ಬೇಕಲ್ವಾ?’ ಅಂದ. ತಪ್ಪು ಅವನದಲ್ಲ.

ಭೂಗೋಳದ ಪಾಠದಲ್ಲಿ ನೀರಾವಿ ಘನೀಭವಿಸಿ ಮೋಡವಾಗುತ್ತದೆ. ವಿಜ್ಞಾನದ ಪಾಠಕ್ಕೆ ಬಂದರೆ ನೀರು ಘನೀಭವಿಸಿ ಮಂಜುಗಡ್ಡೆಯಾಗುತ್ತದೆ. ಮೋಡದ ಮಾತಾದರೆ ಓದುವವನು ಸಂದರ್ಭ ನೋಡಿ ಅರ್ಥ ಮಾಡಿಕೊಂಡಾನು. ಕಂಪ್ರೆಸರಿನಲ್ಲಿ ಹಾಗಲ್ಲ, ಎರಡೂ ಒಂದೇ ಟ್ಯಾಂಕಿನಲ್ಲಿ ಒಂದರ ಹಿಂದೆ ಒಂದು ನಡೆಯುತ್ತವೆ. ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಯಂತ್ರ ನಿಲ್ಲಿಸಿದ ರಾತ್ರಿ ಕೋಣೆ ಸೊನ್ನೆಗಿಂತ ಕೆಳಗಿಳಿದರೆ ಅದೇ ನೀರು ಅದನ್ನು ಹೊರಬಿಡುವ ಡ್ರೈನ್ ವಾಲ್ವಿನೊಳಗೆ ಕಲ್ಲಾಗುತ್ತದೆ, ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ವಾಲ್ವಿನ ಮೈಯನ್ನೇ ಸೀಳಬಹುದು. ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ಕಟ್ಟಿಕೊಂಡರೆ ಇನ್ನೂ ಕೆಟ್ಟದ್ದು: ಟ್ಯಾಂಕಿನಲ್ಲಿ ಗಾಳಿ ತುಂಬಿದ್ದು ಯಂತ್ರಕ್ಕೆ ತಿಳಿಯುವುದೇ ಇಲ್ಲ, ಸೇಫ್ಟಿ ವಾಲ್ವೇ ಗತಿ. ಆವಿ ನೀರಾಗುವುದನ್ನು ತಡೆಯಲಾಗದು, ಬಂದ ನೀರನ್ನು ಬಿಟ್ಟು ಖಾಲಿ ಮಾಡಬೇಕು ಅಷ್ಟೆ. ನೀರು ಗಡ್ಡೆಯಾಗುವುದನ್ನು ತಡೆಯಲೇಬೇಕು. ಎರಡಕ್ಕೂ ಒಂದೇ ಪದ ಇಟ್ಟು ಸೂಚನೆ ಬರೆಯುವುದು ಹೇಗೆ?

ನನಗೆ ತೋಚಿದ ಜೋಡಿ ಇದು: ಆವಿ ‘ಹನಿಗಟ್ಟುತ್ತದೆ’, ನೀರು ‘ಹೆಪ್ಪುಗಟ್ಟುತ್ತದೆ’. ಪಾತ್ರೆಯ ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಕಾಣುವುದು ಹನಿಗಟ್ಟಿದ್ದೇ. ಹಾಲಿಗಾದರೆ ಹೆಪ್ಪು ಹಾಕಬೇಕು, ನೀರಿಗೆ ಯಾರು ಹಾಕಿದರು ಎಂದು ಯಾರಾದರೂ ಕೇಳಬಹುದು. ರಕ್ತಕ್ಕೂ ಯಾರೂ ಹಾಕುವುದಿಲ್ಲವಲ್ಲ. ಹನಿಗಟ್ಟಿ ಬಂದ ನೀರಿಗೆ ಒಂದು ನಾಮಪದ ಮಾತ್ರ ಸಿಕ್ಕಿಲ್ಲ. ‘ಹನಿನೀರು’ ಅಂದರೆ ನೀರಾವರಿ ನೆನಪಾಗುತ್ತದೆ. ‘ಬಸಿನೀರು’ ಕಿವಿಗೆ ಹಿತ, ಆದರೆ ಅದು ನೀರು ಹೊರಟ ಬಗೆಯನ್ನು ಹೇಳುತ್ತದೆ, ಹುಟ್ಟಿದ ಬಗೆಯನ್ನಲ್ಲ. ಕೆಲಸದ ಜಾಗದಲ್ಲಿ ಈ ತಾಪತ್ರಯವೇ ಇಲ್ಲ, ‘ಟ್ಯಾಂಕ್ ನೀರು ಬಿಟ್ಯಾ?’ ಅಂದರೆ ಮುಗಿಯಿತು.

ಇನ್ನೊಂದು ತೊಡಕು ‘ಡ್ಯೂ ಪಾಯಿಂಟ್’, ಅಂದರೆ ಗಾಳಿ ತಣ್ಣಗಾಗುತ್ತಾ ಅದರಲ್ಲಿನ ಆವಿ ನೀರಾಗತೊಡಗುವ ಉಷ್ಣತೆ. ‘ತುಷಾರ ಬಿಂದು’, ‘ಹಿಮಬಿಂದು’, ‘ಇಬ್ಬನಿ ಬಿಂದು’ ಮೂರೂ ನನ್ನ ಮುಂದಿವೆ. ಮೊದಲೆರಡರಲ್ಲಿ ಹಿಮದ ಛಾಯೆ ಇರುವುದರಿಂದ ಓದಿದವರು ಇದು ಗಡ್ಡೆ ಕಟ್ಟುವ ಹಂತ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಎಷ್ಟು ದೂರ ನೋಡಿ: ಹೊರಗೆ 5 ಡಿಗ್ರಿಗೆ ಇಬ್ಬನಿ ಬಿಡುವ ಗಾಳಿಯನ್ನು 7 ಬಾರ್ ಒತ್ತಡಕ್ಕೆ ಒತ್ತಿದರೆ ಅದು ಸುಮಾರು 39 ಡಿಗ್ರಿಗೇ ನೀರು ಬಿಡಲು ಶುರು ಮಾಡುತ್ತದೆ. 39 ಡಿಗ್ರಿಯಲ್ಲಿ ಎಲ್ಲಿಯ ಹಿಮ! ಹಾಗಾಗಿ ‘ಇಬ್ಬನಿ ಬಿಂದು’ವಿಗೇ ನನ್ನ ಮತ. ಒತ್ತಿದ ಗಾಳಿಯದ್ದಾದರೆ ‘ಒತ್ತಡದಲ್ಲಿನ ಇಬ್ಬನಿ ಬಿಂದು’ ಎಂದು ಉದ್ದವಾಗುತ್ತದೆ, ಆಗಲಿ.

ಆದರೆ ಇಲ್ಲೇ ನನ್ನ ವಾದಕ್ಕೆ ಕುತ್ತು. ತಂಪು ಮಾಡಿ ಒಣಗಿಸುವ ಡ್ರೈಯರ್ ಈ ಬಿಂದುವನ್ನು 3 ಡಿಗ್ರಿಯವರೆಗೆ ಇಳಿಸುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಅದರೊಳಗೇ ಗಡ್ಡೆ ಕಟ್ಟುತ್ತದೆ. ಕೊಳವೆ ಬಯಲಿನಲ್ಲಿ, ಕೊರೆಯುವ ಚಳಿಯಲ್ಲಿ ಹಾದುಹೋಗುವುದಾದರೆ ಅದು ಸಾಲದು, ತೇವ ಹೀರುವ ಹರಳುಗಳ ಡ್ರೈಯರ್ ಬೇಕು. ಅದರ ಲೆಕ್ಕ ಸಾಮಾನ್ಯವಾಗಿ ಮೈನಸ್ 40. ಅಷ್ಟು ಚಳಿಯಲ್ಲಿ ಆವಿ ಇಬ್ಬನಿಯಾಗದೆ ನೇರ ಹಿಮವಾಗಿ ಕೂರುತ್ತದೆ. ಅಂದರೆ ಸೊನ್ನೆಯ ಮೇಲೆ ‘ಇಬ್ಬನಿ ಬಿಂದು’, ಕೆಳಗೆ ‘ಹಿಮಬಿಂದು’ ಎಂದು ಎರಡನ್ನೂ ಉಳಿಸಿಕೊಳ್ಳಬಹುದೇ? ಅಥವಾ ಒಂದೇ ಮೀಟರಿನ ಒಂದೇ ಮುಳ್ಳಿಗೆ ಎರಡು ಹೆಸರಾಗಿ ಹುಡುಗರ ತಲೆ ಕೆಡುತ್ತದೆಯೇ?

ಕಂಪ್ರೆಸರಿಗೆ ಹಾಕುವ ಎಣ್ಣೆಯ ವಿಷಯ ಬೇಗ ಮುಗಿಸುತ್ತೇನೆ. ಚಳಿಗೆ ಅದರ ‘ಸ್ನಿಗ್ಧತೆ’ ಹೆಚ್ಚುತ್ತದೆ ಎಂದು ಪಠ್ಯಪುಸ್ತಕದ ಭಾಷೆ. ಸ್ನಿಗ್ಧ ಅಂದರೆ ನನಗಂತೂ ಯಾರದೋ ನಗು ಕಣ್ಣಮುಂದೆ ಬರುತ್ತದೆ, ಶುರುವಾಗಲು ತಿಣುಕುವ ಮೋಟಾರ್ ಅಲ್ಲ. ‘ಎಣ್ಣೆ ಮಂದವಾಗುತ್ತದೆ, ಶುರು ಮಾಡುವ ಮುಂಚೆ ಹೀಟರ್ ಹಾಕಿ’ ಎಂದು ಬರೆದುಬಿಟ್ಟಿದ್ದೇನೆ. ಆಕ್ಷೇಪವಿದ್ದರೆ ಹೇಳಿ. ಅದಕ್ಕಿಂತ ಮುಖ್ಯವಾಗಿ, ಟ್ಯಾಂಕಿನ ತಳದ ಆ ನೀರಿಗೆ ನಿಮ್ಮ ಕಡೆಯ ಕೆಲಸಗಾರರ ಬಾಯಲ್ಲಿ ಬೇರೆ ಹೆಸರೇನಾದರೂ ಇದ್ದರೆ ತಿಳಿಸಿ.